ಮೀಸಲು ಕ್ಷೇತ್ರಗಳು: ರಾಜ್ಯದ ಲೆಕ್ಕ, ಜಿಲ್ಲೆಯ ಪ್ರಶ್ನೆ

ಬಳ್ಳಾರಿ ಜಿಲ್ಲೆಯಲ್ಲಿ ಈಗ ಐದು ವಿಧಾನಸಭಾ ಕ್ಷೇತ್ರಗಳಿವೆ. ಬಳ್ಳಾರಿ ಗ್ರಾಮೀಣ, ಸಿರುಗುಪ್ಪ, ಕಂಪ್ಲಿ ಮತ್ತು ಸಂಡೂರು ಈ ನಾಲ್ಕೂ ಪರಿಶಿಷ್ಟ ಪಂಗಡಕ್ಕೆ ಮೀಸಲು. ಸಾಮಾನ್ಯ ಕ್ಷೇತ್ರವಾಗಿ ಉಳಿದಿರುವುದು ಬಳ್ಳಾರಿ ನಗರ ಒಂದೇ. ಬಳ್ಳಾರಿ ಲೋಕಸಭಾ ಕ್ಷೇತ್ರವೂ ಪರಿಶಿಷ್ಟ ಪಂಗಡಕ್ಕೇ ಮೀಸಲಾಗಿದೆ. ನಾನು ವಾಸಿಸುವ ಸತ್ಯನಾರಾಯಣಪೇಟೆಯಿಂದ ಸಿರುಗುಪ್ಪದ ಕಡೆಗೆ ಹೊರಟರೂ, ಕುರುಗೋಡಿನ ಕಡೆಗೆ ಹೊರಟರೂ, ನಗರದ ಮೇರೆ ದಾಟಿದ ಮೇಲೆ ಸಿಗುವುದೆಲ್ಲ ಮೀಸಲು ಕ್ಷೇತ್ರವೇ. ಈ ಸ್ಥಿತಿ 2008ರಿಂದ ಬದಲಾಗಿಲ್ಲ.

ಇದನ್ನು ಕುರಿತು ಊರಿನಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ‘ನಮ್ಮ ಕ್ಷೇತ್ರ ಬಿಡುಗಡೆಯಾಗುವುದು ಯಾವಾಗ?’ ಎಂದು ಕೇಳುವವರು ಒಂದು ಕಡೆ. ಅಂಥ ಪ್ರಶ್ನೆಯನ್ನು ಕೇಳುವುದೇ ಮೀಸಲಾತಿ ವಿರೋಧಿ ಮನೋಭಾವ ಎನ್ನುವವರು ಇನ್ನೊಂದು ಕಡೆ. ಮೊದಲನೆಯವರ ಮಾತಿನಲ್ಲಿ ‘ಬಿಡುಗಡೆ’ ಎಂಬ ಪದವೇ ಆಕ್ಷೇಪಾರ್ಹ. ಪರಿಶಿಷ್ಟ ಪಂಗಡದವರೊಬ್ಬರು ಶಾಸಕರಾಗಿರುವುದು ಯಾರ ಸೆರೆವಾಸವೂ ಅಲ್ಲ. ಎರಡನೆಯವರು ಪ್ರಶ್ನೆಯನ್ನೇ ಅಡಗಿಸಿ, ಮೀಸಲಾತಿಯ ಉದ್ದೇಶ ಎಷ್ಟರಮಟ್ಟಿಗೆ ಈಡೇರಿದೆ ಎಂಬ ಪರಿಶೀಲನೆಗೆ ಅವಕಾಶವಿಲ್ಲದಂತೆ ಮಾಡುತ್ತಾರೆ. ಕ್ಷೇತ್ರ ಮರುವಿಂಗಡಣೆಯ ಚರ್ಚೆ ಮತ್ತೆ ಮುನ್ನೆಲೆಗೆ ಬಂದಿರುವ ಈ ಹೊತ್ತಿನಲ್ಲಿ ಬಳ್ಳಾರಿಯ ಉದಾಹರಣೆಯನ್ನು ಸಮಾಧಾನದಿಂದ ಪರಿಶೀಲಿಸುವುದು ಅಗತ್ಯ.

ಮೊದಲು ಲೆಕ್ಕವನ್ನು ನೋಡೋಣ. ಸಂವಿಧಾನದ 332ನೇ ವಿಧಿಯ ಪ್ರಕಾರ ವಿಧಾನಸಭೆಯಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಮೀಸಲಿಡುವ ಸ್ಥಾನಗಳ ಸಂಖ್ಯೆ ರಾಜ್ಯದಲ್ಲಿ ಅವರ ಜನಸಂಖ್ಯೆಯ ಪ್ರಮಾಣಕ್ಕೆ ಅನುಗುಣವಾಗಿರಬೇಕು. 2001ರ ಜನಗಣತಿಯಲ್ಲಿ ಕರ್ನಾಟಕದ ಪರಿಶಿಷ್ಟ ಪಂಗಡದವರ ಪ್ರಮಾಣ ಶೇ 6.55, ಪರಿಶಿಷ್ಟ ಜಾತಿಯವರದು ಶೇ 16.2. ಅದರಂತೆ 224 ಸ್ಥಾನಗಳಲ್ಲಿ 15 ಪಂಗಡಕ್ಕೂ 36 ಜಾತಿಗೂ ಮೀಸಲಾದವು. 2008ಕ್ಕೆ ಮೊದಲು ಪಂಗಡಕ್ಕೆ ಇದ್ದದ್ದು ಎರಡೇ ಎರಡು ಸ್ಥಾನ. ಬೇಡ, ವಾಲ್ಮೀಕಿ ಮೊದಲಾದ ಹೆಸರುಗಳಿಂದ ಕರೆಯಲಾಗುವ ನಾಯಕ ಸಮುದಾಯ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದ್ದು 1991ರಲ್ಲಿ. ಕ್ಷೇತ್ರ ಮರುವಿಂಗಡಣೆ 1971ರ ಜನಗಣತಿಗೆ ಸ್ಥಗಿತಗೊಂಡಿದ್ದ ಕಾರಣ, ಪಟ್ಟಿಗೆ ಸೇರಿದ ಮೇಲೂ 17 ವರ್ಷ ವಿಧಾನಸಭೆಯಲ್ಲಿ ಅವರ ಪಾಲು ಹೆಚ್ಚಲಿಲ್ಲ. ಆದುದರಿಂದ 2008ರಲ್ಲಿ ಸಿಕ್ಕ 15 ಸ್ಥಾನಗಳು ಉದಾರ ಕೊಡುಗೆಯಲ್ಲ, ತಡವಾಗಿ ಸಂದ ಬಾಕಿ. ಈ ಸಂಖ್ಯೆಯ ಬಗ್ಗೆ ತಕರಾರು ಎತ್ತಲು ಯಾವ ನ್ಯಾಯವಾದ ಆಧಾರವೂ ಇಲ್ಲ.

ಪ್ರಶ್ನೆ ಏಳುವುದು ಸಂಖ್ಯೆಯಲ್ಲಲ್ಲ, ಸ್ಥಳದಲ್ಲಿ. ಮೀಸಲು ಸ್ಥಾನಗಳು ಎಷ್ಟಿರಬೇಕು ಎಂಬುದನ್ನು ಸಂವಿಧಾನ ಹೇಳುತ್ತದೆ. ಎಲ್ಲಿರಬೇಕು ಎಂಬುದನ್ನು 2002ರ ಕ್ಷೇತ್ರ ಮರುವಿಂಗಡಣಾ ಕಾಯ್ದೆ ಹೇಳಿತು. ಅದರ 9ನೇ ಕಲಮು ಜಾತಿಗೂ ಪಂಗಡಕ್ಕೂ ಬೇರೆ ಬೇರೆ ಸೂತ್ರಗಳನ್ನು ಇಟ್ಟಿದೆ. ಪರಿಶಿಷ್ಟ ಜಾತಿಯ ಕ್ಷೇತ್ರಗಳು ರಾಜ್ಯದ ವಿವಿಧ ಭಾಗಗಳಲ್ಲಿ ಹಂಚಿಕೆಯಾಗಬೇಕು. ಅವರ ಪ್ರಮಾಣ ಹೋಲಿಕೆಯಲ್ಲಿ ಹೆಚ್ಚಿರುವ ಕಡೆ ಇರಬೇಕು. ಪಂಗಡದ ಕ್ಷೇತ್ರಗಳಾದರೋ ಅವರ ಪ್ರಮಾಣ ಅತ್ಯಧಿಕವಾಗಿರುವಲ್ಲಿಯೇ ಇರಬೇಕು; ಹಂಚಿಕೆಯ ಮಾತಿಲ್ಲ. ಅರಣ್ಯವಾಸಿ ಬುಡಕಟ್ಟುಗಳು ಒಂದೇ ಪ್ರದೇಶದಲ್ಲಿ ಬಹುಸಂಖ್ಯಾತರಾಗಿರುವ ಜಾರ್ಖಂಡ್, ಛತ್ತೀಸಗಡದಂತಹ ರಾಜ್ಯಗಳಿಗೆ ಈ ಸೂತ್ರ ಹೊಂದುತ್ತದೆ. ಪಂಗಡದವರು ಹಳ್ಳಿಹಳ್ಳಿಗಳಲ್ಲಿ ಇತರರೊಡನೆ ಬೆರೆತು ಬಾಳುವ ನಮ್ಮ ಬಯಲುಸೀಮೆಗೆ ಅದೇ ಸೂತ್ರವನ್ನು ಅನ್ವಯಿಸಿದಾಗ ಪರಿಣಾಮ ಬೇರೆಯೇ ಆಯಿತು.

ರಾಜ್ಯದ 15 ಮೀಸಲು ಕ್ಷೇತ್ರಗಳಲ್ಲಿ 13 ಕ್ಷೇತ್ರಗಳು ಸುರಪುರದಿಂದ ರಾಯಚೂರು, ಬಳ್ಳಾರಿ ಸೀಮೆಗಳ ಮೂಲಕ ಚಿತ್ರದುರ್ಗ, ಜಗಳೂರಿನವರೆಗಿನ ಒಂದೇ ಪಟ್ಟಿಯಲ್ಲಿ ಬಿದ್ದವು. ಇದರ ಹೊರಗೆ ಉಳಿದದ್ದು ಹೆಗ್ಗಡದೇವನಕೋಟೆ ಮತ್ತು ಯಮಕನಮರಡಿ ಮಾತ್ರ. ಆಗಿನ ಅವಿಭಜಿತ ಬಳ್ಳಾರಿ ಜಿಲ್ಲೆಯ ಒಂಬತ್ತು ಕ್ಷೇತ್ರಗಳ ಪೈಕಿ ಐದು ಪಂಗಡಕ್ಕೂ, ಹಡಗಲಿ ಮತ್ತು ಹಗರಿಬೊಮ್ಮನಹಳ್ಳಿ ಪರಿಶಿಷ್ಟ ಜಾತಿಗೂ ಮೀಸಲಾದವು. ಕುರುಗೋಡು ಎಂಬ ಹೆಸರಿನ ಕ್ಷೇತ್ರವೇ ಅಳಿಯಿತು. 2021ರಲ್ಲಿ ವಿಜಯನಗರ ಜಿಲ್ಲೆ ಪ್ರತ್ಯೇಕವಾದಾಗ ಜಾತಿಗೆ ಮೀಸಲಾದ ಎರಡೂ ಕ್ಷೇತ್ರಗಳು ಆ ಕಡೆಗೆ ಹೋದವು.

2011ರ ಜನಗಣತಿಯಂತೆ ಅವಿಭಜಿತ ಜಿಲ್ಲೆಯಲ್ಲಿ ಪರಿಶಿಷ್ಟ ಪಂಗಡದವರು ಶೇ 18ರಷ್ಟು, ಪರಿಶಿಷ್ಟ ಜಾತಿಯವರು ಶೇ 21ರಷ್ಟು ಇದ್ದರು. ಇಂದು ಬಳ್ಳಾರಿ ಜಿಲ್ಲೆಯ ಐದರಲ್ಲಿ ನಾಲ್ಕು ಸ್ಥಾನ ಮೊದಲನೆಯವರಿಗೆ ಮೀಸಲು. ಎರಡನೆಯವರಿಗೆ ಮೀಸಲಾದದ್ದು ಒಂದೂ ಇಲ್ಲ. ಜಿಲ್ಲೆಯ ಮಾದಿಗ, ಹೊಲೆಯ, ಅಲೆಮಾರಿ ಸಮುದಾಯಗಳ ವ್ಯಕ್ತಿಯೊಬ್ಬ ಶಾಸಕನಾಗಲು ಬಯಸಿದರೆ ಅವನ ಮುಂದಿರುವುದು ಬಳ್ಳಾರಿ ನಗರವೆಂಬ ಒಂದೇ ಸಾಮಾನ್ಯ ಕ್ಷೇತ್ರ. ಅಲ್ಲಿ ಹಣಬಲ, ಜಾತಿಬಲಗಳೆರಡನ್ನೂ ಎದುರಿಸಬೇಕು. ಹಿಂದುಳಿದ ವರ್ಗಗಳ ಸಣ್ಣ ಜಾತಿಗಳಿಗೂ, ಮುಸ್ಲಿಮರಿಗೂ ಇದೇ ಇಕ್ಕಟ್ಟು. ತುಂಗಭದ್ರಾ ಅಣೆಕಟ್ಟೆಯಲ್ಲಿ ಎಷ್ಟು ಟಿಎಂಸಿ ನೀರಿದೆ ಎಂಬ ಅಂಕಿಯಿಂದ ಕಾಲುವೆಯ ಕೊನೆಯಂಚಿನ ಗದ್ದೆಗೆ ನೀರು ಹರಿಯಿತೆಂದು ತೀರ್ಮಾನಿಸಲಾಗದು. ರಾಜ್ಯಮಟ್ಟದ ಪ್ರಮಾಣ ಸರಿಯಿದ್ದ ಮಾತ್ರಕ್ಕೆ ಪ್ರಾತಿನಿಧ್ಯ ಎಲ್ಲರಿಗೂ ತಲುಪಿತೆಂದು ಹೇಳುವುದೂ ಹಾಗೆಯೇ.

ಈ ಏರ್ಪಾಡಿನಿಂದ ಪರಿಶಿಷ್ಟ ಪಂಗಡಗಳಿಗೇ ಸಮಾನ ನ್ಯಾಯ ದೊರೆತಿದೆಯೇ ಎಂಬುದು ಇನ್ನೊಂದು ಪ್ರಶ್ನೆ. ಕರ್ನಾಟಕದ ಪಟ್ಟಿಯಲ್ಲಿ ಸುಮಾರು 50 ಪಂಗಡಗಳಿವೆ. ಚಾಮರಾಜನಗರದ ಸೋಲಿಗರು, ಕೊಡಗಿನ ಜೇನುಕುರುಬರು ಮತ್ತು ಯರವರು, ಕರಾವಳಿಯ ಕೊರಗರು, ಉತ್ತರ ಕನ್ನಡದ ಸಿದ್ದಿಗಳು ಇವರಲ್ಲಿ ಸೇರಿದ್ದಾರೆ. ಚಾಮರಾಜನಗರ, ಕೊಡಗು, ಉತ್ತರ ಕನ್ನಡ ಜಿಲ್ಲೆಗಳಲ್ಲಿ ಪಂಗಡಕ್ಕೆ ಮೀಸಲಾದ ಒಂದು ಕ್ಷೇತ್ರವೂ ಇಲ್ಲ. ಸಿದ್ದಿ ಸಮುದಾಯದ ಮೊದಲ ಶಾಸಕರಾಗಿ ಶಾಂತಾರಾಮ ಸಿದ್ದಿ ಅವರು ವಿಧಾನಮಂಡಲ ಪ್ರವೇಶಿಸಿದ್ದು 2020ರಲ್ಲಿ. ಅದೂ ಚುನಾವಣೆಯಿಂದಲ್ಲ, ವಿಧಾನ ಪರಿಷತ್ತಿಗೆ ನಾಮಕರಣಗೊಂಡು. ಸಂಖ್ಯೆಯನ್ನೇ ನೆಚ್ಚಿದ ವ್ಯವಸ್ಥೆಯಲ್ಲಿ ಅಲ್ಪಸಂಖ್ಯಾತರೊಳಗಿನ ಅಲ್ಪಸಂಖ್ಯಾತರು ಕೊನೆಗೂ ಹೊರಗುಳಿಯುತ್ತಾರೆ ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಪರಿಶಿಷ್ಟ ಜಾತಿಗಳಲ್ಲಿ ಇದೇ ಸಮಸ್ಯೆ ಒಳಮೀಸಲಾತಿಯ ರೂಪದಲ್ಲಿ ಎದ್ದಿತು. ಉಪವರ್ಗೀಕರಣಕ್ಕೆ ರಾಜ್ಯಗಳಿಗೆ ಅಧಿಕಾರವಿದೆಯೆಂದು ಸುಪ್ರೀಂ ಕೋರ್ಟು 2024ರ ಆಗಸ್ಟ್ 1ರಂದು ತೀರ್ಪಿತ್ತ ಮೇಲೆ, ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ ದಾಸ್ ಆಯೋಗ 59 ಅಲೆಮಾರಿ ಸಮುದಾಯಗಳಿಗೆ ಪ್ರತ್ಯೇಕವಾಗಿ ಶೇ 1 ಮೀಸಲಿಡಲು ಶಿಫಾರಸು ಮಾಡಿತು. 2025ರ ಆಗಸ್ಟಿನಲ್ಲಿ ರಾಜ್ಯ ಸಚಿವ ಸಂಪುಟ ಶೇ 17ರ ಮೀಸಲಾತಿಯನ್ನು 6, 6, 5 ಎಂದು ಮೂರು ಭಾಗ ಮಾಡುವ ತೀರ್ಮಾನ ಕೈಗೊಂಡಾಗ ಆ ಪ್ರತ್ಯೇಕ ಶೇ 1 ಉಳಿಯಲಿಲ್ಲ. ಅಲೆಮಾರಿಗಳು ಬೀದಿಗಿಳಿದು ಪ್ರತಿಭಟಿಸಿದರು. ಸಚಿವ ಸಂಪುಟದಲ್ಲಾಗಲಿ ಶಾಸನಸಭೆಯಲ್ಲಾಗಲಿ ಅವರ ಪರವಾಗಿ ಪಟ್ಟುಹಿಡಿಯಬಲ್ಲ ಅವರದೇ ಪ್ರತಿನಿಧಿ ಇದ್ದಿದ್ದರೆ ನಿರ್ಣಯ ಹೀಗೆಯೇ ಆಗುತ್ತಿತ್ತೆ? ಅಲ್ಲದೆ ಈ ಒಳಮೀಸಲಾತಿ ಶಿಕ್ಷಣ ಮತ್ತು ಉದ್ಯೋಗಕ್ಕೆ ಸಂಬಂಧಿಸಿದ್ದು. ಶಾಸನಸಭೆಯ ಮೀಸಲು ಸ್ಥಾನಗಳಿಗೆ ಅದು ಅನ್ವಯಿಸುವುದಿಲ್ಲ.

ಧಾರ್ಮಿಕ ಅಲ್ಪಸಂಖ್ಯಾತರ ವಿಚಾರ ಬೇರೆ. 1953ರವರೆಗೆ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಸೀಮೆ ಪ್ರತ್ಯೇಕ ಮತದಾರ ವರ್ಗಗಳ ಪದ್ಧತಿಯನ್ನೂ, ಬ್ರಾಹ್ಮಣೇತರರಿಗೆ 28 ಸ್ಥಾನ ಮೀಸಲಿಟ್ಟ 1920ರ ದಶಕದ ಪ್ರಯೋಗವನ್ನೂ ಕಂಡಿತ್ತು. ಸಂವಿಧಾನ ರಚನಾ ಸಭೆ ಪ್ರತ್ಯೇಕ ಮತದಾರ ವರ್ಗಗಳನ್ನು ಕೈಬಿಟ್ಟಿತು. ಆರಂಭದಲ್ಲಿ ಒಪ್ಪಿದ್ದ ಧಾರ್ಮಿಕ ಅಲ್ಪಸಂಖ್ಯಾತರ ಮೀಸಲು ಸ್ಥಾನಗಳನ್ನೂ 1949ರ ಮೇ ತಿಂಗಳಲ್ಲಿ ಬಿಟ್ಟುಕೊಟ್ಟಿತು. ಬೇಗಂ ಐಜಾಜ್ ರಸೂಲ್ ಅವರಂತಹ ಮುಸ್ಲಿಂ ಸದಸ್ಯರೂ ಇದನ್ನು ಬೆಂಬಲಿಸಿದರು. ಬಹುಸಂಖ್ಯಾತರು ಧರ್ಮ ನೋಡದೆ ಮತ ನೀಡುವರೆಂಬ ವಿಶ್ವಾಸವೇ ಆ ನಿರ್ಧಾರದ ತಳಹದಿ. ಆ ವಿಶ್ವಾಸವನ್ನು ಕರ್ನಾಟಕ ಎಷ್ಟು ಉಳಿಸಿಕೊಂಡಿದೆ? 2011ರ ಜನಗಣತಿಯಂತೆ ರಾಜ್ಯದಲ್ಲಿ ಮುಸ್ಲಿಮರ ಪ್ರಮಾಣ ಶೇ 12.9. 2023ರ ಚುನಾವಣೆಯಲ್ಲಿ ಆಯ್ಕೆಯಾದ ಮುಸ್ಲಿಂ ಶಾಸಕರು 224ರಲ್ಲಿ ಒಂಬತ್ತು ಮಂದಿ, ಅಂದರೆ ಶೇ 4. ಎಲ್ಲರೂ ಒಂದೇ ಪಕ್ಷದವರು. 2024ರ ಉಪಚುನಾವಣೆಯಲ್ಲಿ ಶಿಗ್ಗಾಂವಿಯ ಮತದಾರರು ಮತ್ತೊಬ್ಬರನ್ನು ಆರಿಸಿದರು. ಮಾಜಿ ಮುಖ್ಯಮಂತ್ರಿಯೊಬ್ಬರ ಕ್ಷೇತ್ರದಲ್ಲಿ, ಅವರ ಮಗನ ಎದುರಿನಲ್ಲಿ, ಅನ್ಯ ಸಮುದಾಯಗಳ ಮತವೂ ಸೇರದೆ ಆ ಗೆಲುವು ಸಾಧ್ಯವಿರಲಿಲ್ಲ. ಮತದಾರ ಸಿದ್ಧನಿರುವ ಕಡೆಯೂ ಪಕ್ಷಗಳು ಟಿಕೆಟ್ ಕೊಡಲು ಹಿಂಜರಿಯುತ್ತವೆ ಎಂಬುದನ್ನೇ ಇದು ಸೂಚಿಸುತ್ತದೆ. ಮೀಸಲಾತಿಯಿಲ್ಲದ ಸಮುದಾಯಗಳಿಗೆ ಸಾಮಾನ್ಯ ಕ್ಷೇತ್ರವೇ ಏಕೈಕ ದಾರಿಯಾಗಿರುವಾಗ, ಜಿಲ್ಲೆಯೊಂದರಲ್ಲಿ ಸಾಮಾನ್ಯ ಕ್ಷೇತ್ರಗಳು ಒಂದಕ್ಕಿಳಿದರೆ ಆ ದಾರಿ ಎಷ್ಟು ಕಿರಿದಾಗುತ್ತದೆಂಬುದನ್ನು ಗಮನಿಸಬೇಕು.

ಹಾಗೆಂದು 2008ಕ್ಕೆ ಮೊದಲು ಎಲ್ಲವೂ ಸರಿಯಿತ್ತೆಂದು ಭಾವಿಸಬೇಕಿಲ್ಲ. ಬಳ್ಳಾರಿ ಲೋಕಸಭಾ ಕ್ಷೇತ್ರ ಸಾಮಾನ್ಯವಾಗಿದ್ದಾಗಲೇ, 1999ರಲ್ಲಿ, ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್ ಇಲ್ಲಿ ಸ್ಪರ್ಧಿಸಿದರು. ಇಬ್ಬರೂ ಈ ನೆಲದವರಲ್ಲ. ಗೆದ್ದವರು ಅಮೇಠಿಯನ್ನು ಉಳಿಸಿಕೊಂಡು ಬಳ್ಳಾರಿಗೆ ರಾಜೀನಾಮೆ ನೀಡಿದರು. ಕ್ಷೇತ್ರ ಸಾಮಾನ್ಯವಾಗಿದ್ದರೆ ಸ್ಥಳೀಯರಿಗೆ ಪ್ರಾತಿನಿಧ್ಯ ತಾನಾಗಿ ಸಿಗುತ್ತದೆ ಎಂಬ ನಂಬಿಕೆಗೆ ಇತಿಹಾಸದ ಬೆಂಬಲವಿಲ್ಲ.

ಅದೇ ರೀತಿ, ಪ್ರತಿನಿಧಿ ತನ್ನ ಸಮುದಾಯದವನಾದ ಮಾತ್ರಕ್ಕೆ ಸಮುದಾಯದ ಹಿತ ಸುರಕ್ಷಿತ ಎಂಬುದೂ ಪೂರ್ಣಸತ್ಯವಲ್ಲ. 2024ರಲ್ಲಿ ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಹಣ ಅಕ್ರಮವಾಗಿ ವರ್ಗಾವಣೆಯಾದ ಪ್ರಕರಣ ಹೊರಬಿದ್ದದ್ದು ನಿಗಮದ ನೌಕರರೊಬ್ಬರ ಆತ್ಮಹತ್ಯೆಯಿಂದ. ಇಲಾಖೆಯ ಸಚಿವರು ರಾಜೀನಾಮೆ ನೀಡಬೇಕಾಯಿತು. ಯಾರು ತಪ್ಪಿತಸ್ಥರೆಂಬುದು ನ್ಯಾಯಾಲಯ ನಿರ್ಧರಿಸಬೇಕಾದ ವಿಷಯ. ಆದರೆ ಬಡ ಕುಟುಂಬಗಳ ಕೊಳವೆಬಾವಿಗೆ, ಸ್ವಯಂ ಉದ್ಯೋಗಕ್ಕೆ ಸಲ್ಲಬೇಕಾದ ಹಣದ ಮೇಲೆ ಶಾಸನಸಭೆಯ ಕಣ್ಗಾವಲು ಸಾಲದಾಯಿತೆಂಬುದು ನಿರ್ವಿವಾದ.

ಇದಕ್ಕೆ ಒಂದು ಹಳೆಯ ಕಾರಣವುಂಟು. 1932ರ ಪುಣೆ ಒಪ್ಪಂದದಲ್ಲಿ ಅಂಬೇಡ್ಕರ್ ಅವರು ಪ್ರತ್ಯೇಕ ಮತದಾರ ವರ್ಗವನ್ನು ಬಿಟ್ಟುಕೊಟ್ಟಾಗ, ದಲಿತ ಮತದಾರರೇ ಮೊದಲು ನಾಲ್ವರು ಅಭ್ಯರ್ಥಿಗಳನ್ನು ಆರಿಸಿ, ಅವರಲ್ಲಿ ಒಬ್ಬರನ್ನು ಎಲ್ಲರೂ ಸೇರಿ ಆಯ್ಕೆ ಮಾಡುವ ವ್ಯವಸ್ಥೆಯಿತ್ತು. ಸಂವಿಧಾನದಲ್ಲಿ ಆ ಮೊದಲ ಹಂತ ಉಳಿಯಲಿಲ್ಲ. ಈಗ ಆ ಮೊದಲ ಆಯ್ಕೆಯನ್ನು ಪಕ್ಷದ ವರಿಷ್ಠರು ಮಾಡುತ್ತಾರೆ. ತಾವು ಸ್ಪರ್ಧಿಸಲಾಗದ ಕ್ಷೇತ್ರಗಳಲ್ಲಿ ಸ್ಥಳೀಯ ಪ್ರಬಲರು ತಮ್ಮ ಮಾತು ಕೇಳುವವರಿಗೇ ಟಿಕೆಟ್ ಕೊಡಿಸುವ ಪರಿಪಾಠ ದೇಶದ ಎಲ್ಲ ಕಡೆ ಇದೆ. ಗಣಿ ಸಂಪತ್ತಿನ ಪ್ರಭಾವವಿರುವ ಜಿಲ್ಲೆ ಇದಕ್ಕೆ ಹೊರತಾಗಿರಬಹುದೆಂದು ನಿರೀಕ್ಷಿಸುವುದು ಕಷ್ಟ.

ಮೀಸಲು ಕ್ಷೇತ್ರ ದೀರ್ಘಕಾಲ ಬದಲಾಗದಿರುವುದು ಒಂದು ತೊಡಕಾದರೆ, ಸ್ಥಳೀಯ ಸಂಸ್ಥೆಗಳಲ್ಲಿ ಅದು ಅತಿವೇಗದಲ್ಲಿ ಬದಲಾಗುವುದು ಇನ್ನೊಂದು. ಸೇವೆಯಲ್ಲಿದ್ದಾಗ ಚುನಾವಣಾ ಕೆಲಸದ ನಿಮಿತ್ತ ಇದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಮಹಿಳೆಗೋ ಪರಿಶಿಷ್ಟರಿಗೋ ಮೀಸಲಾದ ವಾರ್ಡು ಮುಂದಿನ ಚುನಾವಣೆಗೆ ಬೇರೆಯವರ ಪಾಲಾಗುತ್ತದೆ. ಕಡತ ಓದಲು, ಅಧಿಕಾರಿಗಳಿಂದ ಉತ್ತರ ಪಡೆಯಲು ಕಲಿತ ಸದಸ್ಯೆ ಅಷ್ಟರಲ್ಲಿ ಮನೆಗೆ ಹೋಗಬೇಕಾಗುತ್ತದೆ. ಮಹಾಪೌರರ ಅವಧಿಯಂತೂ ಒಂದೇ ವರ್ಷ. 39 ವಾರ್ಡುಗಳ ಬಳ್ಳಾರಿ ಮಹಾನಗರ ಪಾಲಿಕೆಗೆ 2021ರ ಏಪ್ರಿಲ್‌ನಲ್ಲಿ ಚುನಾವಣೆ ನಡೆದರೂ ಮಹಾಪೌರರ ಆಯ್ಕೆಯಾದದ್ದು 2022ರ ಮಾರ್ಚಿನಲ್ಲಿ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಸ್ಥಿತಿ ಇನ್ನೂ ಶೋಚನೀಯ: 2016ರಲ್ಲಿ ಆಯ್ಕೆಯಾದವರ ಅವಧಿ 2021ರಲ್ಲಿ ಮುಗಿದ ಮೇಲೆ ಕ್ಷೇತ್ರ ವಿಂಗಡಣೆ ಮತ್ತು ಮೀಸಲಾತಿ ನಿಗದಿಯ ಹೆಸರಿನಲ್ಲಿ ಚುನಾವಣೆ ವರ್ಷಗಟ್ಟಲೆ ಮುಂದಕ್ಕೆ ಹೋಯಿತು. ಸಣ್ಣ ಸಮುದಾಯಗಳ ಮೊದಲ ತಲೆಮಾರಿನ ನಾಯಕರು ತಯಾರಾಗುವ ಗರಡಿಮನೆ ಅದು. ಅದಕ್ಕೆ ಬೀಗ ಹಾಕಿ ವಿಧಾನಸಭೆಯ ಪ್ರಾತಿನಿಧ್ಯದ ಬಗ್ಗೆ ಮಾತ್ರ ಚರ್ಚಿಸುವುದು ಬೇರಿಗೆ ನೀರೆರೆಯದೆ ಫಲ ಬಯಸಿದಂತೆ.

ಪರಿಹಾರವೇನು? ‘ಎಲ್ಲ ಮೀಸಲು ಕ್ಷೇತ್ರಗಳನ್ನೂ ಪ್ರತಿ ಚುನಾವಣೆಗೆ ಬದಲಿಸಿ’ ಎಂಬ ಸಲಹೆ ಆಕರ್ಷಕವಾಗಿ ಕಂಡರೂ ಅಪಾಯಕಾರಿ. ವಾರ್ಡುಗಳ ಅನುಭವ ಅದನ್ನು ತೋರಿಸಿದೆ. ಮರಳಿ ಬರುವ ಭರವಸೆಯಿಲ್ಲದ ಶಾಸಕನಿಗೆ ಕ್ಷೇತ್ರದ ಹೊಣೆ ಹಗುರವಾಗುತ್ತದೆ. 1952 ಮತ್ತು 1957ರಲ್ಲಿ ಇದ್ದ ದ್ವಿಸದಸ್ಯ ಕ್ಷೇತ್ರಗಳಲ್ಲಿ ಒಂದು ಸ್ಥಾನ ಸಾಮಾನ್ಯ, ಇನ್ನೊಂದು ಮೀಸಲು ಆಗಿತ್ತು. ಆಂಧ್ರದ ಪಾರ್ವತೀಪುರದಲ್ಲಿ 1957ರಲ್ಲಿ ಎರಡೂ ಸ್ಥಾನಗಳನ್ನು ಪರಿಶಿಷ್ಟ ಪಂಗಡದವರೇ ಗೆದ್ದು ವಿ.ವಿ. ಗಿರಿ ಅವರು ಸೋತಾಗ, ಸುಪ್ರೀಂ ಕೋರ್ಟು ಆ ಫಲಿತಾಂಶವನ್ನು ಎತ್ತಿಹಿಡಿಯಿತು. ಅನತಿ ಕಾಲದಲ್ಲೇ, 1961ರಲ್ಲಿ, ಆ ಪದ್ಧತಿಯನ್ನು ಸಂಸತ್ತು ರದ್ದುಗೊಳಿಸಿತು. ವಿಶಾಲ ಕ್ಷೇತ್ರಗಳ ಆ ವ್ಯವಸ್ಥೆಗೆ ಮರಳುವುದು ಈಗ ವ್ಯಾವಹಾರಿಕವಲ್ಲ.

ಪಂಗಡದ ಕ್ಷೇತ್ರಗಳನ್ನು ರಾಜ್ಯವಿಡೀ ಚದುರಿಸುವುದಕ್ಕೂ ಒಂದು ಗಂಭೀರ ಆಕ್ಷೇಪವಿದೆ. ಪಂಗಡದ ಮತದಾರರು ವಿರಳವಾಗಿರುವಲ್ಲಿ ಆಯ್ಕೆಯಾದ ಶಾಸಕ ಅವರ ಮಾತಿಗಿಂತ ಇತರರ ಮಾತಿಗೆ ಕಿವಿಗೊಡಬಹುದು. ದಟ್ಟಣೆ ಇರುವಲ್ಲಿ ಮಾತ್ರ ಅವರ ಮತಕ್ಕೆ ತೂಕ. ಈ ವಾದದಲ್ಲಿ ಹುರುಳಿದೆ. ಆದ್ದರಿಂದ ದಟ್ಟಣೆ ಮತ್ತು ಹಂಚಿಕೆ ಎರಡನ್ನೂ ಹೊಂದಿಸುವ ಮಧ್ಯಮ ಮಾರ್ಗವೇ ಸೂಕ್ತ. ಹಿಂದಿನ ಪ್ರತಿ ಮರುವಿಂಗಡಣೆಗೂ ಸಂಸತ್ತು ಹೊಸ ಕಾಯ್ದೆ ಮಾಡಿದೆ: 1952, 1962, 1972, 2002. ಸ್ಥಳ ನಿಗದಿಯ ಸೂತ್ರ ಬದಲಿಸಲು ಸಂವಿಧಾನ ತಿದ್ದುಪಡಿ ಬೇಕಿಲ್ಲ. ಸಾಧಾರಣ ಕಾಯ್ದೆ ಸಾಕು. ಮೀಸಲು ಸ್ಥಾನಗಳ ಒಟ್ಟು ಸಂಖ್ಯೆಯಲ್ಲಿ ಒಂದನ್ನೂ ಕಡಿಮೆ ಮಾಡದೆ, ಯಾವ ವರ್ಗವೂ ಬಹುಸಂಖ್ಯಾತವಲ್ಲದ ಜಿಲ್ಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಥಾನಗಳು ಒಂದೇ ವರ್ಗಕ್ಕೆ ಮೀಸಲಾಗಬಾರದೆಂಬ ಮಿತಿ ವಿಧಿಸಬಹುದು. ಹಾಗಾದರೆ ಬಳ್ಳಾರಿಯಿಂದ ಹೊರಹೋಗುವ ಸ್ಥಾನ ಸೋಲಿಗರ, ಜೇನುಕುರುಬರ ಜಿಲ್ಲೆಗಳಿಗೆ ಸಲ್ಲುತ್ತದೆ. ಇಲ್ಲಿ ಪರಿಶಿಷ್ಟ ಜಾತಿಗೆ ಒಂದು ಸ್ಥಾನ ಒದಗುತ್ತದೆ. ಪ್ರತಿ ಮರುವಿಂಗಡಣೆಯಲ್ಲಿ ಜಿಲ್ಲೆಯೊಳಗೆ ಮೀಸಲು ಕ್ಷೇತ್ರಗಳನ್ನು ಬದಲಿಸಬಹುದು. ವಾರ್ಡುಗಳ ಮೀಸಲಾತಿ ಎರಡು ಅವಧಿಗೆ ಸ್ಥಿರವಾಗಿರಲಿ. ಚುನಾವಣೆಯಲ್ಲಿ ಗೆಲ್ಲಲಾರದಷ್ಟು ಸಣ್ಣ ಸಮುದಾಯಗಳಿಗೆ ವಿಧಾನ ಪರಿಷತ್ತಿನ 11 ನಾಮಕರಣ ಸ್ಥಾನಗಳಲ್ಲಿ ಸರದಿಯಂತೆ ಅವಕಾಶ ನೀಡುವ ಸಂಪ್ರದಾಯ ಬೆಳೆಯಲಿ. ಸೋತ ರಾಜಕಾರಣಿಗಳ ಪುನರ್ವಸತಿಗಿಂತ ಇದು ಸದುಪಯೋಗ.

ಈ ವಿಚಾರಗಳಿಗೆ ಕಾಲಮಿತಿಯೂ ಇದೆ. ಹೊಸ ಜನಗಣತಿಯ ಉಲ್ಲೇಖ ದಿನಾಂಕ 2027ರ ಮಾರ್ಚ್ 1. ಅದರಲ್ಲಿ ಜಾತಿಗಳ ಎಣಿಕೆಯೂ ಸೇರಿದೆ. ಮಹಿಳೆಯರಿಗೆ ಮೂರನೇ ಒಂದು ಭಾಗ ಸ್ಥಾನ ಮೀಸಲಿಟ್ಟ 2023ರ 106ನೇ ತಿದ್ದುಪಡಿ, ಅದರ ಜಾರಿಯನ್ನು ಜನಗಣತಿ ಮತ್ತು ಮರುವಿಂಗಡಣೆಗೆ ಜೋಡಿಸಿತು. ಶಾಸನಸಭೆಗಳಲ್ಲಿ ಪರಿಶಿಷ್ಟರ ಮೀಸಲಾತಿಗೆ 104ನೇ ತಿದ್ದುಪಡಿ ನಿಗದಿಪಡಿಸಿದ ಅವಧಿ 2030ರ ಜನವರಿ 25ಕ್ಕೆ ಮುಗಿಯುತ್ತದೆ. ಅದೇ ತಿದ್ದುಪಡಿಯಿಂದ ಆಂಗ್ಲೋ ಇಂಡಿಯನ್ನರ ನಾಮಕರಣ 2020ರ ಜನವರಿಯಲ್ಲಿ ಹೆಚ್ಚಿನ ಚರ್ಚೆಯಿಲ್ಲದೆ ಕೊನೆಗೊಂಡಿತು. ಪ್ರಾತಿನಿಧ್ಯವನ್ನು ಗಳಿಸಲು ದಶಕಗಳು ಬೇಕು. ಕಳೆದುಕೊಳ್ಳಲು ಒಂದು ಅಧಿವೇಶನ ಸಾಕು.

ಆಯೋಗ ಗಡಿರೇಖೆಗಳನ್ನು ಅಂತಿಮಗೊಳಿಸಿದ ಮೇಲೆ ಅದನ್ನು ಪ್ರಶ್ನಿಸುವುದು ಸುಲಭವಲ್ಲ. 329ನೇ ವಿಧಿ ನ್ಯಾಯಾಲಯಗಳ ಹಸ್ತಕ್ಷೇಪವನ್ನು ನಿರ್ಬಂಧಿಸುತ್ತದೆ. ಗುಜರಾತಿನ ಬಾರ್ಡೋಲಿ ಕ್ಷೇತ್ರದ ಪ್ರಕರಣದಲ್ಲಿ 2024ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟ ನಿರಂಕುಶತೆಯಿದ್ದಲ್ಲಿ ಮಾತ್ರ ಪರಿಶೀಲನೆ ಸಾಧ್ಯವೆಂದಿತು. 2002ರ ಕಾಯ್ದೆಯಡಿ ಪ್ರತಿ ದೊಡ್ಡ ರಾಜ್ಯದಿಂದ ಐವರು ಸಂಸದರು, ಐವರು ಶಾಸಕರು ಸಹಸದಸ್ಯರಾಗಿದ್ದರು. ಜನಸಾಮಾನ್ಯರಿಗೆ ಇದ್ದ ಅವಕಾಶ ಕರಡಿಗೆ ಆಕ್ಷೇಪಣೆ ಸಲ್ಲಿಸಿ ಬಹಿರಂಗ ವಿಚಾರಣೆಯಲ್ಲಿ ಮಾತನಾಡುವುದು. ಹಾಲಿ ಸದಸ್ಯರಿಗೆ ತಮ್ಮ ಕ್ಷೇತ್ರದ ಚಿಂತೆ ಸಹಜ. ಕ್ಷೇತ್ರವೇ ಇಲ್ಲದವರ ಪರವಾಗಿ ಮಾತನಾಡುವ ಹೊಣೆ ಓದಿದ ನಾಗರಿಕರ ಮೇಲಿದೆ. ‘ನಮ್ಮ ಕ್ಷೇತ್ರ ಸಾಮಾನ್ಯವಾಗಲಿ’ ಎಂಬ ಮನವಿಯೊಂದಿಗೆ ವಿಚಾರಣೆಗೆ ಹೋಗುವವರು ಬಹಳ ಮಂದಿ ಇರುತ್ತಾರೆ. ಸಿರುಗುಪ್ಪದ ಮಾದಿಗರ ಕೇರಿಗೂ, ಬಳ್ಳಾರಿಯ ಅಲೆಮಾರಿಗಳ ಗುಡಿಸಲಿಗೂ, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡಿಗೂ ವಿಧಾನಸೌಧದ ದಾರಿ ಎಲ್ಲಿದೆ ಎಂದು ಕೇಳುವವರೂ ಅಲ್ಲಿರಬೇಕು. ಅದಕ್ಕೆ ಬೇಕಾದ ಅಂಕಿಅಂಶ ಮತ್ತು ಅರ್ಜಿಗಳನ್ನು ಕರಡು ಪ್ರಕಟವಾಗುವ ಮೊದಲೇ ಸಿದ್ಧಪಡಿಸಿಕೊಳ್ಳುವುದು ಒಳ್ಳೆಯದು.